ಹಣ್ಣಿನ ಕೊಳೆತ ಮತ್ತು ಸುಗಂಧತೈಲ: ‘ತೈಲ’ ಶಬ್ದದ ವಿಚಾರ

ಕೂಡಿಟ್ಟ ಹಣ್ಣಿಗೆ ಹಿಡಿಯುವ ಬೂಷ್ಟನ್ನು ಗಿಡಮೂಲಿಕೆಗಳ ಸುಗಂಧತೈಲದಿಂದ ತಡೆಯುವ ವಿದ್ಯೆಯು ಭಾರತದ ಪ್ರಾಚೀನರಿಗೆ ತಿಳಿದಿದ್ದಿತೆಂಬ ಮಾತು ಆಗಾಗ ಕೇಳಿಬರುವುದುಂಟು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದವೂ ಗಂಧಯುಕ್ತಿಯೂ ಇವೆ. ಚಾಲುಕ್ಯ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿಗೆ, ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ಲೋಕೋಪಕಾರದಲ್ಲಿಯೂ ಈ ಎರಡು ವಿಷಯಗಳುಂಟು. ಇಂದಿನ ವಿಜ್ಞಾನಿಗಳು ಪರೀಕ್ಷಿಸುತ್ತಿರುವುದೂ ಲವಂಗ, ಓಮ, ದಾಲ್ಚಿನ್ನಿಗಳನ್ನೇ. ಆದುದರಿಂದ ಎರಡು ವಿದ್ಯೆಗಳೂ ಒಂದೇ ಎಂಬುದು ವಾದದ ಸರಣಿ. ಇವುಗಳಲ್ಲಿ ಮೊದಲ ಮೂರು ಮಾತುಗಳು ನಿಜ. ಕಡೆಯದು ಮಾತ್ರ ಅವುಗಳಿಂದ ಹೊರಡತಕ್ಕುದಲ್ಲ.

ದೋಷವಿರುವುದು ‘ತೈಲ’ವೆಂಬ ಶಬ್ದದ ಬಳಕೆಯಲ್ಲಿ. ತಿಲದಿಂದ ಹುಟ್ಟಿದುದು ತೈಲ. ಎಳ್ಳಿನ ನೆಯ್ ಎಣ್ಣೆ. ಎರಡು ಭಾಷೆಗಳಲ್ಲಿಯೂ ಎಳ್ಳಿಗೆ ಸಲ್ಲುತ್ತಿದ್ದ ಹೆಸರು ಕ್ರಮೇಣ ಎಲ್ಲ ಜಿಡ್ಡಿನ ದ್ರವಗಳಿಗೂ ಹಬ್ಬಿತು. ಲವಂಗದ ಮೊಗ್ಗನ್ನು ಬಟ್ಟಿಯಿಳಿಸಿ ಪಡೆಯುವ ಸಾರಕ್ಕೆ ಅದೇ ಹೆಸರು ಬಂದುದು ಸಾದೃಶ್ಯದಿಂದಲೇ ಹೊರತು ಸ್ವಭಾವದಿಂದಲ್ಲ. ಎಳ್ಳೆಣ್ಣೆಯ ಹನಿಯೊಂದು ಕಾಗದದ ಮೇಲೆ ಬಿದ್ದರೆ ಕಲೆ ಉಳಿಯುತ್ತದೆ. ಸುಗಂಧಸಾರದ ಹನಿಯು ಬಹುಮಟ್ಟಿಗೆ ಆವಿಯಾಗಿ ಹಾರಿಹೋಗುತ್ತದೆ.

ಬೃಹತ್ಸಂಹಿತೆಯ ಗಂಧಯುಕ್ತಿಯಲ್ಲಿ ಸಂಪಗೆಯ ಕಂಪಿನ ತೈಲಕ್ಕೆ ಒಂದು ವಿಧಿಯುಂಟು. ಮಂಜಿಷ್ಠೆ ಮೊದಲಾದ ದ್ರವ್ಯಗಳ ಚೂರ್ಣವನ್ನು ತೈಲದಲ್ಲಿ ಕೂಡಿಸಿ ಬಿಸಿಲಿನಲ್ಲಿ ಕಾಯಿಸಬೇಕೆಂದು ಅಲ್ಲಿ ಹೇಳಿದೆ. ಇದು ಎಣ್ಣೆಗೆ ವಾಸನೆಯನ್ನು ಕಟ್ಟುವ ಕ್ರಮ. ದ್ರವ್ಯದ ಸಾರವನ್ನು ಆವಿಯ ಮೂಲಕ ಬೇರ್ಪಡಿಸುವ ಕ್ರಮವಲ್ಲ. ಅದೇ ಗ್ರಂಥದ ವೃಕ್ಷಾಯುರ್ವೇದದಲ್ಲಿ ವಿಡಂಗ, ತುಪ್ಪ, ಕೆಸರುಗಳ ಲೇಪವನ್ನು ವಿಧಿಸಿರುವುದು ಬದುಕಿರುವ ಮರಕ್ಕೆ. ಕಿತ್ತು ರಾಶಿಹಾಕಿದ ಹಣ್ಣಿಗಲ್ಲ. ಎರಡು ಅಧ್ಯಾಯಗಳು ಒಂದೇ ಗ್ರಂಥದಲ್ಲಿವೆಯೆಂಬ ಮಾತ್ರಕ್ಕೆ ಒಂದರ ಯೋಗವು ಇನ್ನೊಂದರ ರೋಗಕ್ಕೆ ವಿಹಿತವಾಗದು. ಲೋಕೋಪಕಾರವನ್ನು ಓದುವಾಗಲೂ ಇದೇ ಎಚ್ಚರವು ಅವಶ್ಯಕ.

ಇಂದಿನ ವಿದ್ಯೆಯ ಬಲವಿರುವುದು ಆ ಹಾರಿಹೋಗುವ ಗುಣದಲ್ಲಿಯೇ. ಕಿತ್ತಳೆಯ ಹಸುರು ಬೂಷ್ಟಿಗೆ ಪೆನಿಸಿಲಿಯಂ ಡಿಜಿಟೇಟಂ, ಮಾವಿನ ಕಪ್ಪು ಮಚ್ಚೆಗೆ ಕೊಲೆಟೋಟ್ರೈಕಂ, ಸ್ಟ್ರಾಬೆರಿಯ ಬೂದು ಬೂಷ್ಟಿಗೆ ಬೊಟ್ರೈಟಿಸ್ ಎಂಬ ಶಿಲೀಂಧ್ರಗಳು ಕಾರಣ. ಲವಂಗದ ಯೂಜಿನಾಲ್, ಓಮದ ಥೈಮಾಲ್ ಇವೇ ಮುಂತಾದುವು ಶಿಲೀಂಧ್ರಕೋಶದ ಪೊರೆಯನ್ನು ಹೊಕ್ಕು ಅದನ್ನು ಸಡಿಲಿಸುವುದರಿಂದ ಕೋಶದೊಳಗಿನ ದ್ರವ್ಯಗಳು ಸೋರಿಹೋಗುತ್ತವೆ. ಮುಚ್ಚಿದ ಪೆಟ್ಟಿಗೆಯಲ್ಲಿ ಆವಿಯು ಹಣ್ಣುಹಣ್ಣಿನ ಸಂದಿಗೂ ತಲಪಬಲ್ಲುದು. ಇಮಾಜಲಿಲ್ ಮೊದಲಾದ ಕೃತಕ ಔಷಧಗಳಿಗೆ ಬೂಷ್ಟುಗಳು ಒಗ್ಗಿಕೊಂಡುದೂ ಈ ಅನ್ವೇಷಣೆಗೆ ಒಂದು ಕಾರಣ. ಯೂರೋಪಿನ ಒಕ್ಕೂಟವು 2013ರಲ್ಲಿ ಯೂಜಿನಾಲ್, ಜೆರಾನಿಯಾಲ್, ಥೈಮಾಲ್‌ಗಳನ್ನು ಸಸ್ಯಸಂರಕ್ಷಣೆಗೆ ಅಂಗೀಕರಿಸಿತು.

ಆದರೆ ಈ ವಿದ್ಯೆಯನ್ನು ಹೊಗಳುವವರೂ ಒಂದು ಭೇದವನ್ನು ಮರೆಯುವುದುಂಟು. ಗಾಜಿನ ತಟ್ಟೆಯಲ್ಲಿ ಶಿಲೀಂಧ್ರವನ್ನು ತಡೆದ ಪ್ರಮಾಣವು ಹಣ್ಣಿನ ಮೇಲೆ ಸಾಮಾನ್ಯವಾಗಿ ಸಾಲದು. ಪ್ರಮಾಣವನ್ನು ಹೆಚ್ಚಿಸಿದರೆ ಸಿಪ್ಪೆ ಸುಡುತ್ತದೆ, ಹಣ್ಣಿಗೆ ಲವಂಗದ ವಾಸನೆ ಹತ್ತುತ್ತದೆ. ಬೆಳೆದ ನೆಲಕ್ಕೂ ಋತುವಿಗೂ ತಕ್ಕಂತೆ ಸಾರದ ಘಟಕಗಳೂ ವ್ಯತ್ಯಾಸವಾಗುತ್ತವೆ. ಮೇಲಾಗಿ ಹಸುರು ಬೂಷ್ಟು ಒಳಹೊಗುವುದು ಸಿಪ್ಪೆಯ ಗಾಯದಿಂದ. ಆದುದರಿಂದ ಗಾಯವಾಗದಂತೆ ಕೊಯ್ಯುವುದೂ ತಂಪಿನಲ್ಲಿಡುವುದೂ ಇಂದಿಗೂ ಮೊದಲ ಚಿಕಿತ್ಸೆ.

ಈ ವಿಚಾರವು ಕೇವಲ ಶಬ್ದಕಲಹವಲ್ಲ. ಹಳೆಯ ‘ತೈಲ’ವೇ ಹೊಸದೆಂದು ನಂಬಿ ಲವಂಗ ಕಾಯಿಸಿದ ಎಳ್ಳೆಣ್ಣೆಯನ್ನು ಹಣ್ಣಿಗೆ ದಪ್ಪವಾಗಿ ಬಳಿದವನು ಅದರ ಉಸಿರಾಟವನ್ನೇ ಕಟ್ಟಿದಂತಾಗುವುದು, ಹಣ್ಣು ಒಳಗೇ ಹುಳಿಯುವುದು, ನಷ್ಟವು ತೋಟದವನದು. ಹೊಸ ಹೆಸರನ್ನು ಹುಡುಕುವಲ್ಲಿಯೂ ಎಚ್ಚರ ಬೇಕು: ‘ಗಂಧಸಾರ’ವೆಂದರೆ ಸಂಸ್ಕೃತದಲ್ಲಿ ಶ್ರೀಗಂಧವೆಂದೇ ಅರ್ಥ. ‘ಆವಿಸಾರ’ವೆಂಬಂತಹ ಹೆಸರಾದರೆ ವಸ್ತುವಿನ ಸ್ವಭಾವವನ್ನೇ ತಿಳಿಸೀತು. ಪ್ರಾಚೀನರು ಹೇಳದಿದ್ದುದನ್ನು ಅವರ ಬಾಯಲ್ಲಿ ಹೇಳಿಸುವುದರಿಂದ ಅವರ ಗೌರವವು ಹೆಚ್ಚುವುದಿಲ್ಲ. ಹೇಳಿದುದನ್ನು ಸರಿಯಾಗಿ ಓದುವುದರಿಂದ ಮಾತ್ರ ಅದು ಉಳಿಯುತ್ತದೆ.