ಅಗ್ನಿಬಾಣದ ಇತಿಹಾಸ: ಕೊಳವೆಯೂ ಮದ್ದೂ

ಮೈಸೂರಿನ ಅಗ್ನಿಬಾಣಗಳನ್ನು ಕುರಿತು ನಮ್ಮಲ್ಲಿ ಬರೆದವರು ಕಡಮೆಯಿಲ್ಲ. ಆದರೆ ಈ ಬರೆವಣಿಗೆಯ ಬಹುಭಾಗವು ಕೊಳವೆಯ ಇತಿಹಾಸವೇ ಹೊರತು ಮದ್ದಿನ ಇತಿಹಾಸವಲ್ಲವೆಂಬುದು ಪ್ರಕೃತ ಲೇಖಕನ ಆಕ್ಷೇಪ. 1780ರ ಪೊಳ್ಳಿಲೂರು ಕಾಳಗ, 1799ರ ಶ್ರೀರಂಗಪಟ್ಟಣದ ಪತನ, ಇಂಗ್ಲೆಂಡಿಗೆ ಸಾಗಿದ ಮಾದರಿಗಳು, ಕಾಂಗ್ರೀವನ ಪ್ರಯೋಗಗಳು: ಈ ಕಥಾಸರಣಿಯನ್ನು ವಿದ್ಯಾರ್ಥಿಗಳು ಕಂಠಪಾಠ ಮಾಡಿರುತ್ತಾರೆ.

ರೊದ್ದಂ ನರಸಿಂಹ ಅವರು ಮೈಸೂರು ಮತ್ತು ಬ್ರಿಟನ್ನಿನ ಬಾಣಗಳ ವಿಷಯವಾಗಿ 1985ರಲ್ಲಿ ರಚಿಸಿದ ಪ್ರಬಂಧವು ಇದಕ್ಕೆ ಗೌರವಾರ್ಹವಾದ ಅಪವಾದ. ಕಬ್ಬಿಣದ ಕೊಳವೆಯು ಹೆಚ್ಚಿನ ಒತ್ತಡವನ್ನು ತಡೆದುದರಿಂದಲೇ ಬಾಣವು ದೂರ ಹೋಯಿತೆಂಬುದನ್ನು ಅವರು ವಿಜ್ಞಾನಿಯ ದೃಷ್ಟಿಯಿಂದ ವಿವರಿಸಿದರು. ಬ್ರಿಟನ್ ನಮ್ಮನ್ನು ಹಿಂದೆ ಹಾಕಿದುದೇಕೆಂಬ ಪ್ರಶ್ನೆಯನ್ನೂ ಎತ್ತಿದರು. ಬಳಿಕದವರು ಮೊದಲನೆಯ ಮಾತನ್ನು ಹಿಡಿದು ಹೆಮ್ಮೆಪಟ್ಟರು, ಎರಡನೆಯದನ್ನು ಕೈಬಿಟ್ಟರು.

ಇದರ ಫಲವು 2018ರಲ್ಲಿ ಕಂಡಿತು. ಹೊಸನಗರ ತಾಲ್ಲೂಕಿನ ನಗರದಲ್ಲಿ, ಎಂದರೆ ಹಳೆಯ ಬಿದನೂರಿನಲ್ಲಿ, ಹಾಳುಬಾವಿಯೊಂದರಿಂದ ಸಾವಿರಕ್ಕೂ ಮಿಕ್ಕ ಬಾಣಗಳು ಹೊರಬಂದವು. ಅವುಗಳಲ್ಲಿ ಪೆಟ್ಲುಪ್ಪು, ಇದ್ದಲುಗಳೊಡನೆ ಮೆಗ್ನೀಷಿಯಂ ಪುಡಿಯೂ ಇದ್ದಿತೆಂದು ಪತ್ರಿಕೆಗಳು ಬರೆದವು. ಮೆಗ್ನೀಷಿಯಂ ಲೋಹವನ್ನು ಡೇವಿ ಮೊದಲು ಬೇರ್ಪಡಿಸಿದ್ದು 1808ರಲ್ಲಿ. ಟೀಪು ಮಡಿದು ಆಗಲೇ ಒಂಬತ್ತು ವರ್ಷ! ಅದರ ಲವಣಾಂಶವು ಮಣ್ಣಿನಿಂದಲೋ ಪೆಟ್ಲುಪ್ಪಿನ ಕಲ್ಮಷದಿಂದಲೋ ಬಂದಿರಬಹುದು. ಕೊಳವೆಗಳನ್ನು ಅಷ್ಟು ಶ್ರದ್ಧೆಯಿಂದ ಎಣಿಸಿದ ನಾವು ಈ ಮಾತನ್ನು ಮಾತ್ರ ಪ್ರಶ್ನಿಸದೆ ನುಂಗಿದೆವು.

ಅದೇ 2018ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅರುಣ್ ಚಂದ್ರು, ಚಾರ್ಲಿ ಊಮ್ಮೆನ್ ಮೊದಲಾದವರು ರಾಕೆಟ್ಟಿನ ಘನ ಇಂಧನದ ದಿಂಡುಗಳನ್ನು ಮೂರು ಆಯಾಮದ ಮುದ್ರಣದಿಂದ ರೂಪಿಸುವ ಕ್ರಮವನ್ನು ಪ್ರಕಟಿಸಿದರು. (2024ರ ಮೇ 30ರಂದು ಹಾರಿದ ಅಗ್ನಿಕುಲದ ರಾಕೆಟ್ಟಿನಲ್ಲಿ ಮುದ್ರಿತವಾದುದು ಲೋಹದ ಎಂಜಿನ್, ಇಂಧನವಲ್ಲ, ಇವೆರಡನ್ನೂ ಬೆರೆಸಬಾರದು.) ಘನ ಇಂಧನವು ತೆರೆದ ಮೈಯಿಂದ ಒಳಕ್ಕೆ ಉರಿಯುತ್ತ ಹೋಗುತ್ತದೆ. ಆದಕಾರಣ ದಿಂಡಿನ ನಡುವಣ ಪೊಳ್ಳಿನ ಆಕಾರವೇ ಬಾಣದ ವೇಗಕ್ಕೆ ಕಾರಣ. ಅಚ್ಚಿನಲ್ಲಿ ಎರಕ ಹೊಯ್ದರೆ ನಡುವಿನ ಗೂಟವನ್ನು ಹೊರಗೆಳೆಯಲು ಬರುವ ಆಕಾರಗಳು ಮಾತ್ರ ಸಾಧ್ಯ. ಪದರದ ಮೇಲೆ ಪದರವಿಟ್ಟು ಕಟ್ಟಿದರೆ ಆ ನಿರ್ಬಂಧವಿಲ್ಲ. ಇತಿಹಾಸದ ಅಧ್ಯಾಪಕನಿಗೆ ಈ ಪ್ರಬಂಧದಿಂದ ದೊರೆಯುವುದು ಒಂದು ಪ್ರಶ್ನೆ: ನಗರದ ಬಾಣಗಳೊಳಗೆ ಪೊಳ್ಳು ಇದ್ದಿತೆ? ಮದ್ದನ್ನು ಒಮ್ಮೆಗೇ ತುಂಬಿದರೋ, ಪದರಪದರವಾಗಿ ಜಡಿದರೋ? ಯಾರು ಜಡಿದರು?

ಕಡೆಯ ಪ್ರಶ್ನೆಯು ಅಳದಂಗಡಿಯ ಸೀಮೆಯವರಿಗೆ ಹಳೆಯದಲ್ಲ. ಟೀಪು 1794ರಲ್ಲಿ ಕಟ್ಟಿಸಿದ ಜಮಾಲಾಬಾದು ಕೋಟೆಯಿರುವ ಬೆಳ್ತಂಗಡಿ ತಾಲ್ಲೂಕೇ ಇದು. ಇಲ್ಲಿಯ ಜಾತ್ರೆಗಳಿಗೆ ಬೆಡಿ ಬೇಕು, ಗರ್ನಾಲು ಬೇಕು. ಅದನ್ನು ತುಂಬುವುದು ಕೂಲಿಯವರ ಕೈ. 2024ರ ಜನವರಿ 28ರಂದು ವೇಣೂರಿನ ಸಮೀಪದ ಗೋಳಿಯಂಗಡಿಯ ಬಳಿ ಸಿಡಿಮದ್ದಿನ ತಯಾರಿಕೆಯ ಸ್ಥಳವೊಂದು ಸ್ಫೋಟಿಸಿ ಮೂವರು ಕಾರ್ಮಿಕರು ಸತ್ತರು. ಮುದ್ರಣಯಂತ್ರವನ್ನು ದೂರದಿಂದಲೇ ನಡೆಸಬಹುದೆಂಬ ಭರವಸೆಯನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಯಂತ್ರವೂ ಮದ್ದಿನ ಮುದ್ದೆಯನ್ನು ಒತ್ತಿ ಹೊರಡಿಸಲೇಬೇಕಾದುದರಿಂದ ಘರ್ಷಣೆ ತಪ್ಪದು. ಅಪಾಯವು ಮನುಷ್ಯನಿಂದ ದೂರ ಸರಿಯುತ್ತದೆ, ಇಲ್ಲವಾಗುವುದಿಲ್ಲ. ಅಂತಹ ಯಂತ್ರವು ಬೆಡಿಯ ಗುಡಿಸಲಿಗೆ ಬರುವುದಂತೂ ಸದ್ಯಕ್ಕೆ ದೂರದ ಮಾತು.

ಶ್ರೀರಂಗಪಟ್ಟಣದ ಮತ್ತು ಬಿದನೂರಿನ ಮದ್ದಿನ ಕೆಲಸಗಾರರನ್ನು ನಮ್ಮ ಗ್ರಂಥಗಳು ವಿಚಾರಿಸಿಲ್ಲ. ನಗರದ ಸಾವಿರ ಬಾಣಗಳಲ್ಲಿ ಒಂದೆರಡನ್ನಾದರೂ ಉದ್ದಕ್ಕೆ ಸೀಳಿ, ರಸಾಯನಶಾಸ್ತ್ರಜ್ಞರ ಸಮಕ್ಷಮದಲ್ಲಿ ಪರೀಕ್ಷಿಸಿ, ಫಲಿತಾಂಶವನ್ನು ಪೂರ್ಣವಾಗಿ ಪ್ರಕಟಿಸುವುದು ಅವಶ್ಯ. ಅದರೊಡನೆ ನಮ್ಮ ತಾಲ್ಲೂಕಿನ ಬೆಡಿ ಕಟ್ಟುವ ಹಿರಿಯರ ಹೇಳಿಕೆಗಳನ್ನು ವಿದ್ಯಾರ್ಥಿಗಳು ಈಗಲೇ ಬರೆದಿಟ್ಟುಕೊಳ್ಳಲಿ. ಮದ್ದು ಜಡಿಯುವಾಗ ಕೈಗೆ ಏನು ತಿಳಿಯುತ್ತದೆಂಬುದನ್ನು ಹೇಳಬಲ್ಲವರು ಅವರೇ.