'ಹ್ಯಾಟ್ರಿಕ್' ಶಬ್ದದ ಅರ್ಥವಿಚಾರ

ಆಟದ ಬಯಲಿನಿಂದ ವೃತ್ತಪತ್ರಿಕೆಗಳಿಗೆ ಬಂದು ಕನ್ನಡದಲ್ಲಿ ನೆಲಸಿರುವ ಶಬ್ದಗಳಲ್ಲಿ 'ಹ್ಯಾಟ್ರಿಕ್' ಎಂಬುದು ವಿಚಾರಾರ್ಹವಾದುದು. ಮೂರು ಎಂಬ ಸಂಖ್ಯೆಯೇ ಇದರ ಅರ್ಥವೆಂದು ಸಾಮಾನ್ಯವಾದ ಭಾವನೆ. ಪ್ರಯೋಗಗಳನ್ನು ಹೋಲಿಸಿ ನೋಡಿದರೆ, ಸಂಖ್ಯೆಯೊಂದರಿಂದಲೇ ಅರ್ಥನಿರ್ಣಯವಾಗದೆಂಬುದು ವಿಶದವಾಗುತ್ತದೆ.

ಶಬ್ದದ ಮೂಲ ಕ್ರಿಕೆಟ್ಟಿನಲ್ಲಿದೆ. 1858ರಲ್ಲಿ ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಎಚ್. ಎಚ್. ಸ್ಟೀಫನ್ಸನ್ ಎಂಬಾತನು ಒಂದರ ಹಿಂದೊಂದಾಗಿ ಮೂರು ಎಸೆತಗಳಲ್ಲಿ ಮೂವರನ್ನು ಔಟು ಮಾಡಿದನು. ಅದಕ್ಕಾಗಿ ಅವನಿಗೆ ಟೋಪಿಯೊಂದು ಬಹುಮಾನವಾಗಿ ಬಂದಿತೆಂಬುದು ಪ್ರಸಿದ್ಧವಾದ ವಿವರಣೆ. ಟೋಪಿ ಮರೆಯಾಯಿತು, ಶಬ್ದವು ರೂಢವಾಯಿತು. ಇಲ್ಲಿ 'ಮೂರು' ಎಂಬುದರಂತೆಯೇ 'ಎಡೆಬಿಡದೆ' ಎಂಬುದೂ ಲಕ್ಷಣದ ಅಂಗ.

ಫುಟ್ಬಾಲಿಗೆ ಬಂದಾಗ ಈ ಎರಡನೆಯ ಅಂಗವು ಕಳಚಿತು. ಒಬ್ಬ ಆಟಗಾರನು ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದರೆ ಸಾಕು. 1966ರ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಇಂಗ್ಲೆಂಡಿನ ಜೆಫ್ ಹರ್ಸ್ಟ್ ಅವರ ಮೊದಲನೆಯ ಮತ್ತು ಎರಡನೆಯ ಗೋಲುಗಳ ನಡುವೆ ಇತರರ ಎರಡು ಗೋಲುಗಳಿವೆ. 2022ರ ಅಂತಿಮ ಪಂದ್ಯದಲ್ಲಿ ಫ್ರಾನ್ಸಿನ ಎಂಬಾಪೆಯವರ ಎರಡನೆಯ ಮತ್ತು ಮೂರನೆಯ ಗೋಲುಗಳ ನಡುವೆ ಅರ್ಜೆಂಟೀನದ ಮೆಸ್ಸಿಯವರ ಗೋಲೊಂದಿದೆ. ಆದರೂ ಇವೆರಡೂ ಹ್ಯಾಟ್ರಿಕ್ಕೆಂದೇ ಗಣಿತವಾಗಿವೆ. ಜರ್ಮನರ ಸಂಪ್ರದಾಯವು ಮಾತ್ರ ಆಟದ ಒಂದೇ ಅರ್ಧದಲ್ಲಿ, ನಡುವೆ ಬೇರಾರ ಗೋಲೂ ಇಲ್ಲದೆ ಬಂದ ಮೂರನ್ನೇ ಅಪ್ಪಟವಾದ ಹ್ಯಾಟ್ರಿಕ್ಕೆನ್ನುತ್ತದೆ. ಈ ಲಕ್ಷಣವನ್ನು ಎಲ್ಲೆಡೆಯೂ ಅನ್ವಯಿಸಿದರೆ ಅವ್ಯಾಪ್ತಿದೋಷ. ಹರ್ಸ್ಟ್ ಅವರೇ ಹೊರಗುಳಿಯುವರು. 'ಮೂರು' ಎಂದಷ್ಟೇ ಹೇಳಿದರೆ ಅತಿವ್ಯಾಪ್ತಿ. ಮೂವರು ಹೊಡೆದ ಮೂರು ಗೋಲುಗಳೂ ಒಳಬರುವುವು.

ಕನ್ನಡ ಪತ್ರಿಕೆಗಳಲ್ಲಿ ಎರಡು ಅರ್ಥಗಳೂ ಜೊತೆಜೊತೆಯಾಗಿ ನಡೆದಿವೆ. ಫುಟ್ಬಾಲಿನ ವರದಿಯಲ್ಲಿ ನಿರಂತರತೆಯ ನಿಯಮವಿಲ್ಲ. ಚುನಾವಣೆಯ 'ಹ್ಯಾಟ್ರಿಕ್ ಗೆಲುವು' ಎಂಬಲ್ಲಿಯಾದರೋ ನಡುವೆ ಸೋಲು ಇರಕೂಡದು. ನಟ ಶಿವರಾಜಕುಮಾರರಿಗೆ 'ಹ್ಯಾಟ್ರಿಕ್ ಹೀರೋ' ಎಂಬ ಬಿರುದು ಬಂದುದೂ ಅವರ ಮೊದಲ ಮೂರು ಚಿತ್ರಗಳು ಸಾಲಾಗಿ ಯಶಸ್ಸು ಪಡೆದುದರಿಂದ. ಎಂದರೆ ರಾಜಕೀಯ, ಚಲನಚಿತ್ರಗಳಲ್ಲಿ ಕ್ರಿಕೆಟ್ಟಿನ ಮೂಲಾರ್ಥವೇ ಉಳಿದಿದೆ. ಆದುದರಿಂದ 'ಸತತ ಹ್ಯಾಟ್ರಿಕ್ ಗೆಲುವು' ಎಂದು ಬರೆದರೆ ಪುನರುಕ್ತಿ; ಫುಟ್ಬಾಲಿನಲ್ಲಿ 'ಸತತವಾಗಿ ಮೂರು ಗೋಲು' ಎಂಬಾಗ ಅದೇ ವಿಶೇಷಣವು ಸಾರ್ಥಕ.

ನಿಘಂಟಿನಲ್ಲಿ 'ಮೂರರ ಸಾಧನೆ' ಎಂದು ಒಂದೇ ಅರ್ಥವನ್ನು ಕೊಟ್ಟು ಮುಗಿಸುವುದು ಸಾಲದು. ಸಾಧಿಸಿದ ಕರ್ತೃ ಒಂದೇ ಎಂಬುದು ಎಲ್ಲ ಪ್ರಯೋಗಗಳಿಗೂ ಸಮಾನ, ನಿರಂತರತೆಯು ಪ್ರಕರಣಾಧೀನ. ಈ ಭೇದವನ್ನು ಕಾಣಿಸಿದಾಗಲೇ ಶಬ್ದದ ಅರ್ಥವು ಪೂರ್ಣವಾಗಿ ತಿಳಿಯುವುದು.