ವಿಸ್ಲರನ ವೆನಿಸ್ ಚಿತ್ರಗಳು

ವೆನಿಸ್ ಎಂದೊಡನೆ ಅಮೃತಶಿಲೆಯ ಸೌಧಗಳನ್ನೂ ಬಿಸಿಲಿಗೆ ಹೊಳೆಯುವ ಮಹಾಕಾಲುವೆಯನ್ನೂ ನೆನೆಯುವವರಿಗೆ ವಿಸ್ಲರನ ಎಚಿಂಗುಗಳು ಮೊದಲ ನೋಟಕ್ಕೆ ನಿರಾಶೆಯನ್ನೇ ತರುವುವು. 1880ರ ಡಿಸೆಂಬರಿನಲ್ಲಿ ಲಂಡನ್ನಿನ ಫೈನ್ ಆರ್ಟ್ ಸೊಸೈಟಿಯು ಇವುಗಳಲ್ಲಿ 12ನ್ನು ಪ್ರದರ್ಶಿಸಿದಾಗ ಅನೇಕ ವಿಮರ್ಶಕರಿಗೆ ಆದದ್ದೂ ಅದೇ. ಚಿತ್ರಗಳು ಅಪೂರ್ಣವೆಂಬುದು ಅವರ ದೂರು.

ಅಮೆರಿಕದಲ್ಲಿ ಹುಟ್ಟಿದ ಈ ಕಲಾವಿದನು ರಸ್ಕಿನ್ನನ ಮೇಲೆ ಹೂಡಿದ್ದ ಮಾನನಷ್ಟದ ಮೊಕದ್ದಮೆಯನ್ನು 1878ರಲ್ಲಿ ಗೆದ್ದು, ಪರಿಹಾರವಾಗಿ ಒಂದೇ ಒಂದು ಫಾರ್ದಿಂಗನ್ನು ಪಡೆದು, ಮರುವರ್ಷ ದಿವಾಳಿಯಾಗಿದ್ದನು. 12 ತಗಡುಗಳನ್ನು ಕೊರೆದು ತರಲು ಸೊಸೈಟಿಯವರು ಕಳುಹಿಸಿದರೆ, ಸುಮಾರು 14 ತಿಂಗಳು ಅಲ್ಲಿಯೇ ನಿಂತು 50ರಷ್ಟನ್ನು ಸಿದ್ಧಪಡಿಸಿದನು.

ಮೇಣ ಬಳಿದ ತಾಮ್ರದ ತಗಡಿನ ಮೇಲೆ ಸೂಜಿಯಿಂದ ಗೀರಿ, ಗೀರಿದೆಡೆಯನ್ನು ಆಮ್ಲದಿಂದ ತಿನ್ನಿಸಿ, ಆ ಗೀರುಗಳಿಗೆ ಮಸಿ ತುಂಬಿ ಅಚ್ಚೊತ್ತುವುದು ಎಚಿಂಗಿನ ಕ್ರಮ. ಮೇಲೆ ಉಳಿದ ಮಸಿಯನ್ನು ಚೊಕ್ಕಟವಾಗಿ ಒರಸುವುದು ವಾಡಿಕೆ. ವಿಸ್ಲರನು ಅದನ್ನು ತೆಳುಪೊರೆಯಾಗಿ ಬಿಟ್ಟನು. ‘ನಾಕ್ಟರ್ನ್’ ಎಂಬ ನಿಶಾಚಿತ್ರದಲ್ಲಿ ಹಡಗಿನ ಕೂವೆಗಳು, ದೂರದ ಒಂದು ಗುಡಿಯ ಛಾಯೆ, ಇಷ್ಟನ್ನುಳಿದು ರೇಖೆ ಬಹಳ ಕಡಮೆ. ನೀರಿನ ಮೇಲೆ ಕವಿದಿರುವ ಕತ್ತಲೆಯೆಲ್ಲ ಆ ಮಸಿಯದು. ಒರಸಿದ ಕೈಯ ಹದಕ್ಕೆ ತಕ್ಕಂತೆ ಒಂದು ಪ್ರತಿಯಲ್ಲಿ ಮುಸ್ಸಂಜೆ, ಇನ್ನೊಂದರಲ್ಲಿ ನಡುರಾತ್ರಿ!

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯುಂಟು. ಮಸಿಯನ್ನು ಪೂರ್ತಿ ಒರಸಿಬಿಟ್ಟರೆ ‘ನಾಕ್ಟರ್ನ್’ನಲ್ಲಿ ಉಳಿಯುವುದು ಬರಿಯ ಎಲುಬುಗೂಡು; ಅದರ ಸೊಬಗಿನಲ್ಲಿ ಸೂಜಿಯ ಪಾಲು ಅಲ್ಪವೆಂದು ಒಪ್ಪಲೇಬೇಕು. ಆದರೆ ‘ಬಾಗಿಲು’ ಎಂಬ ಚಿತ್ರಕ್ಕೆ ಈ ಮಾತು ಸಲ್ಲದು. ಒಳಗಾಲುವೆಯ ದಂಡೆಯಲ್ಲೊಂದು ಹಳೆಯ ಅರಮನೆ. ನೀರಿನಂಚಿಗೆ ಬಾಗಿದ ಹೆಣ್ಣು. ಅವಳ ಹಿಂದೆ, ಸೂರಿನಿಂದ ಕುರ್ಚಿಗಳು ತೂಗಾಡುವ ಕತ್ತಲೆಯ ಪಡಸಾಲೆ. ಶ್ರೀಮಂತರ ಹೆಬ್ಬಾಗಿಲು ಕಸುಬಿನವರ ಅಂಗಡಿಯಾಗಿದೆ. ಕಣ್ಣು ನಿಲ್ಲುವೆಡೆಯಲ್ಲಿ ರೇಖೆಗಳು ಹೆಣೆದುಕೊಂಡು, ಅಂಚಿಗೆ ಬರಬರುತ್ತ ವಿರಳವಾಗಿ ಬಿಳಿಯ ಕಾಗದದಲ್ಲಿ ಕರಗುವುವು. ನಮ್ಮ ಆಲಂಕಾರಿಕರು ಧ್ವನಿಯೆಂದು ಕರೆದುದು ಇಂಥದನ್ನೇ. ಹೇಳದೆ ಬಿಟ್ಟುದು ಇಲ್ಲಿ ಕೊರತೆಯಲ್ಲ.

ಸ್ಥಳವನ್ನು ನೋಡುತ್ತಲೇ ತಗಡಿನ ಮೇಲೆ ಗೀರಿದ್ದರಿಂದ ಅಚ್ಚಿನಲ್ಲಿ ಊರು ಎಡಬಲವಾಗಿ ಮೂಡಿತು. ಎಚಿಂಗನ್ನು ಅಮೆರಿಕದ ಕರಾವಳಿ ಮೋಜಣಿ ಕಚೇರಿಯಲ್ಲಿ, ನಕ್ಷೆ ಕೊರೆಯುವವರ ನಡುವೆ ಕಲಿತವನು ಇದನ್ನು ಲೆಕ್ಕಿಸದೆ ಬಿಟ್ಟುದು ವಿನೋದವೇ ಸರಿ. 1883ರಲ್ಲಿ ಮತ್ತೆ ವೆನಿಸ್ ಚಿತ್ರಗಳನ್ನು ಪ್ರದರ್ಶಿಸಿದಾಗಲಂತೂ ವಿಮರ್ಶಕರ ಬೈಗುಳಗಳನ್ನೇ ಆಯ್ದು, ಚಿತ್ರಪಟ್ಟಿಯಲ್ಲಿ ಒಂದೊಂದು ಚಿತ್ರದ ಕೆಳಗೆ ಅಚ್ಚುಹಾಕಿಸಿದನು.